ಮುಟ್ಟಿ ನೋಡುವ ಕಲೆ: ಶಾಲೆಗಳಿಗೊಂದು ಕಲಾ ಯೋಜನೆ

ಕನ್ನಡದಲ್ಲಿ ‘ನೋಡು’ ಎಂಬ ಕ್ರಿಯಾಪದವು ಕಣ್ಣಿಗೆ ಮಾತ್ರ ಮೀಸಲಾದುದಲ್ಲ. ಜವಳಿ ಅಂಗಡಿಯಲ್ಲಿ ಬಟ್ಟೆಯನ್ನು ಮುಟ್ಟಿ ನೋಡುವುದುಂಟು. ಮಡಕೆ ಕೊಳ್ಳುವಾಗ ಬಡಿದು ನೋಡುವುದುಂಟು. ಹಣ್ಣನ್ನು ಮೂಸಿ ನೋಡುವುದು, ಸಾರಿನ ರುಚಿ ನೋಡುವುದು, ಹಾಡನ್ನು ಕೇಳಿ ನೋಡುವುದು ದಿನನಿತ್ಯದ ಮಾತು. ವಸ್ತುವೊಂದನ್ನು ಅರಿಯಲು ಮನುಷ್ಯನಿಗೆ ಹಲವು ದಾರಿಗಳಿವೆ ಎಂಬ ತಿಳಿವಳಿಕೆ ಈ ಮಾತುಗಳಲ್ಲಿ ಅಡಗಿದೆ. ಭಾರತೀಯ ತತ್ತ್ವಶಾಸ್ತ್ರವೂ ಶಬ್ದ, ಸ್ಪರ್ಶ, ರೂಪ, ರಸ, ಗಂಧ ಎಂದು ಇಂದ್ರಿಯಗಳ ಐದು ವಿಷಯಗಳನ್ನು ಎಣಿಸಿದೆ. ಇವುಗಳಲ್ಲಿ ಕಣ್ಣಿಗೆ ಗೋಚರಿಸುವ ರೂಪವು ಒಂದು ಮಾತ್ರ.

ಆದರೆ ಶಾಲೆಯ ಚಿತ್ರಕಲೆಯ ತರಗತಿಯಲ್ಲಿ ಉಳಿದ ನಾಲ್ಕಕ್ಕೆ ಸ್ಥಾನ ದೊರೆಯುವುದು ಅಪರೂಪ. ತರಗತಿಯಲ್ಲಿ ಅಂಧ ಅಥವಾ ಮಂದದೃಷ್ಟಿಯ ವಿದ್ಯಾರ್ಥಿನಿಯೊಬ್ಬಳಿದ್ದರೆ, ಉಳಿದವರು ಬಣ್ಣ ಹಚ್ಚುವಷ್ಟು ಹೊತ್ತು ಆಕೆ ಸುಮ್ಮನೆ ಕುಳಿತಿರಬೇಕಾಗುತ್ತದೆ. ವರ್ಷದ ಕೊನೆಗೆ ಏರ್ಪಡಿಸುವ ಪ್ರದರ್ಶನದಲ್ಲಿ ‘ಮುಟ್ಟಬಾರದು’ ಎಂಬ ಫಲಕವು ಆಕೆಯನ್ನು ಮತ್ತೊಮ್ಮೆ ಹೊರಗಿಡುತ್ತದೆ. ಯಾರೂ ಬೇಕೆಂದು ಮಾಡಿದ ಅನ್ಯಾಯ ಇದಲ್ಲ. ಕಲೆಯೆಂದರೆ ಕಣ್ಣಿನ ವಿಷಯವೆಂಬ ರೂಢಿಯೇ ಇದಕ್ಕೆ ಕಾರಣ. ಈ ರೂಢಿಯನ್ನು ಬದಲಿಸಬಲ್ಲ, ಹೆಚ್ಚು ಖರ್ಚಿಲ್ಲದ, ಯಾವ ಶಾಲೆಯಲ್ಲಾದರೂ ಕೈಗೊಳ್ಳಬಹುದಾದ ಕಲಾ ಯೋಜನೆಯೊಂದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಒಬ್ಬ ಕಲಾವಿದರ ನಿದರ್ಶನ

ದೃಷ್ಟಿಯಿಲ್ಲದವರಿಗೆ ಸಂಗೀತವೇ ತಕ್ಕ ಕಲೆ ಎಂಬ ಭಾವನೆ ಜನರಲ್ಲಿ ಬಹುಕಾಲದಿಂದ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಸ್ವತಃ ಅಂಧರಾಗಿದ್ದು ಅಸಂಖ್ಯ ಶಿಷ್ಯರಿಗೆ ಸಂಗೀತವನ್ನು ಧಾರೆಯೆರೆದದ್ದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಆದರೆ ರೂಪ ಮತ್ತು ಆಕಾರಗಳ ಕಲೆಯೂ ಅಂಧರಿಗೆ ಮುಚ್ಚಿದ ಬಾಗಿಲಲ್ಲ ಎಂಬುದಕ್ಕೆ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರು (1904–1980) ಸಾಕ್ಷಿಯಾಗಿದ್ದಾರೆ.

ಮುಖರ್ಜಿಯವರಿಗೆ ಹುಟ್ಟಿನಿಂದಲೂ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದರ ದೃಷ್ಟಿ ತೀರ ಮಂದವಾಗಿತ್ತು. ಆದರೂ ಅವರು ಕಲಾಭವನದಲ್ಲಿ ನಂದಲಾಲ್ ಬೋಸ್ ಅವರ ಶಿಷ್ಯರಾಗಿ, ಮುಂದೆ ಅಲ್ಲಿಯೇ ಗುರುಗಳಾಗಿ ಹೆಸರಾದರು. 1957ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ತರುವಾಯ ಉಳಿದಿದ್ದ ದೃಷ್ಟಿಯೂ ಇಲ್ಲವಾಯಿತು. ಅವರು ಕಲೆಯನ್ನು ಬಿಡಲಿಲ್ಲ, ಸಾಧನಗಳನ್ನು ಬದಲಿಸಿದರು. ಮೇಣದಿಂದ ಸಣ್ಣ ಶಿಲ್ಪಗಳನ್ನು ಮಾಡಿದರು, ಕಾಗದವನ್ನು ಮಡಿಸಿ, ಕತ್ತರಿಸಿ, ಅಂಟಿಸಿ ಕೃತಿಗಳನ್ನು ರಚಿಸಿದರು. 1972ರಲ್ಲಿ ಕಲಾಭವನದ ಗೋಡೆಗೆ ಸಿರಾಮಿಕ್ ಬಿಲ್ಲೆಗಳ ದೊಡ್ಡ ಭಿತ್ತಿಕೃತಿಯನ್ನು ಸಿದ್ಧಪಡಿಸಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ ಅದೇ ವರ್ಷ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರವನ್ನು ಗುರುಗಳ ಕುರಿತು ನಿರ್ಮಿಸಿದರು. ಕೈಬೆರಳು ಕಣ್ಣಿನ ಬದಲಿಯಾಗಿ ದುಡಿಯುವ ಆಳಲ್ಲ, ಅದಕ್ಕೆ ತನ್ನದೇ ಆದ ಕಲಾಪ್ರಜ್ಞೆಯುಂಟು ಎಂಬುದೇ ಈ ಜೀವನದಿಂದ ಶಿಕ್ಷಕರು ಗ್ರಹಿಸಬೇಕಾದ ಮುಖ್ಯಾಂಶ.

ಇಂದ್ರಿಯಗಳ ಸ್ವಭಾವ

ಯೋಜನೆಯನ್ನು ಆರಂಭಿಸುವ ಮುನ್ನ ಪ್ರತಿಯೊಂದು ಇಂದ್ರಿಯದ ಗುಣವನ್ನು ಮಕ್ಕಳು ಸ್ವತಃ ಪರೀಕ್ಷಿಸಿ ತಿಳಿಯುವುದು ಒಳ್ಳೆಯದು.

ಚರ್ಮದ ಸೂಕ್ಷ್ಮತೆ ಎಲ್ಲ ಭಾಗಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಮೊಂಡಾದ ಎರಡು ಕಡ್ಡಿಗಳನ್ನು 2–3 ಮಿಲಿಮೀಟರ್ ಅಂತರದಲ್ಲಿ ಬೆರಳ ತುದಿಗೆ ಮುಟ್ಟಿಸಿದರೆ ಅವು ಎರಡೆಂದು ತಿಳಿಯುತ್ತದೆ. ಬೆನ್ನಿನ ಮೇಲೆ ಅದೇ ಅರಿವಾಗಲು ಸುಮಾರು 40 ಮಿಲಿಮೀಟರ್ ಅಂತರ ಬೇಕಾಗುತ್ತದೆ. ಬ್ರೈಲ್ ಲಿಪಿಯ ಚುಕ್ಕೆಗಳ ನಡುವಿನ ಅಂತರ ಸುಮಾರು 2.5 ಮಿಲಿಮೀಟರ್ ಇರುವುದು ಬೆರಳ ತುದಿಯ ಈ ಸಾಮರ್ಥ್ಯಕ್ಕೆ ಹೊಂದಿಕೊಂಡಿದೆ. ನುಣುಪು ಮತ್ತು ಒರಟುಗಳ ವ್ಯತ್ಯಾಸವಂತೂ ಬೆರಳನ್ನು ಒತ್ತಿ ಹಿಡಿದರೆ ಪೂರ್ತಿ ತಿಳಿಯದು, ಸರಿಸಿದಾಗಲೇ ಸ್ಪಷ್ಟವಾಗುವುದು. ಆದುದರಿಂದ ಸ್ಪರ್ಶದ ಕಲೆಯು ಚಲನೆಯ ಕಲೆಯೂ ಹೌದು.

ಶಾಖದ ಅರಿವೂ ಚರ್ಮಕ್ಕೆ ಸೇರಿದ್ದು. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟಿದ್ದ ಸ್ಟೀಲ್ ಲೋಟ ಮತ್ತು ಮರದ ಸೌಟುಗಳ ಉಷ್ಣತೆ ಒಂದೇ ಆಗಿದ್ದರೂ ಬೆಳಗ್ಗೆ ಮುಟ್ಟಿದಾಗ ಲೋಟವೇ ಹೆಚ್ಚು ತಣ್ಣಗೆನಿಸುತ್ತದೆ. ಲೋಹವು ಕೈಯ ಶಾಖವನ್ನು ಬೇಗ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಬಣ್ಣಗಾರನು ತಂಪು ಬಣ್ಣ, ಬಿಸಿ ಬಣ್ಣಗಳೆಂದು ವಿಂಗಡಿಸುವಂತೆ ಮಕ್ಕಳು ಕಲ್ಲು, ಲೋಹ, ಮರ, ಉಣ್ಣೆಗಳನ್ನು ತಂಪಿನಿಂದ ಬೆಚ್ಚನೆಯವರೆಗೆ ಸಾಲಾಗಿ ಜೋಡಿಸಬಹುದು.

ಕಿವಿಯು ಶಬ್ದವನ್ನು ಗುರುತಿಸುವುದಲ್ಲದೆ ಅದು ಬಂದ ದಿಕ್ಕನ್ನೂ ಅಳೆಯುತ್ತದೆ. ಎಡಗಡೆಯ ಶಬ್ದವು ಎಡಗಿವಿಗೆ ಕ್ಷಣದ ಅತ್ಯಲ್ಪ ಭಾಗದಷ್ಟು ಮೊದಲು ತಲುಪುತ್ತದೆ. ಆ ಅಂತರದಿಂದಲೇ ಮಿದುಳು ದಿಕ್ಕನ್ನು ಕಂಡುಕೊಳ್ಳುತ್ತದೆ. ಮೂಗಿನ ರೀತಿಯೇ ಬೇರೆ. ವಾಸನೆಯು ಹಳೆಯ ನೆನಪುಗಳನ್ನು ಥಟ್ಟನೆ ಎಬ್ಬಿಸುತ್ತದೆ. ಆದರೆ ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಮೂಗು ಅದಕ್ಕೆ ಒಗ್ಗಿ ಗಮನಿಸುವುದನ್ನೇ ಬಿಡುತ್ತದೆ. ಹೀಗಾಗಿ ಒಂದು ಕೃತಿಯಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ವಾಸನೆಗಳನ್ನು ಬಳಸಬಾರದು. ಅವುಗಳ ನಡುವೆ ಅಂತರವಿರಬೇಕು.

ಇಂದ್ರಿಯಗಳಿಗೆ ಶಿಕ್ಷಣ ಕೊಡಬಹುದು ಎಂಬ ವಿಚಾರ ಹೊಸದಲ್ಲ. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸರಿಯವರು ಒರಟು ನುಣುಪಿನ ಹಲಗೆಗಳು, ತೂಕದ ಬಿಲ್ಲೆಗಳು, ಅಲುಗಾಡಿಸಿ ಜೋಡಿ ಹುಡುಕುವ ಶಬ್ದದ ಡಬ್ಬಿಗಳು, ವಾಸನೆಯ ಸೀಸೆಗಳು ಮುಂತಾದ ಸಾಧನಗಳನ್ನು ರೂಢಿಗೆ ತಂದರು. 1939ರಲ್ಲಿ ಭಾರತಕ್ಕೆ ಬಂದ ಅವರು ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು, ಮದರಾಸಿನ ಅಡ್ಯಾರಿನಲ್ಲಿ ಮತ್ತು ಕೊಡೈಕನಾಲಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು.

ಅಂಧಗಜನ್ಯಾಯದ ಮತ್ತೊಂದು ಪಾಠ

ಆನೆಯನ್ನು ಮುಟ್ಟಿ ನೋಡಿದ ಅಂಧರ ಕಥೆ ಎಲ್ಲರಿಗೂ ಗೊತ್ತು. ಕಾಲನ್ನು ಮುಟ್ಟಿದವನು ಆನೆ ಕಂಬದಂತಿದೆ ಎಂದ. ಕಿವಿ ಮುಟ್ಟಿದವನು ಮೊರದಂತಿದೆ ಎಂದ. ಬಾಲ ಹಿಡಿದವನು ಹಗ್ಗವೆಂದ. ಕಾಣದವರ ಅರಿವು ಅಪೂರ್ಣವೆಂಬುದಕ್ಕೆ ಈ ಕಥೆಯನ್ನು ಉದಾಹರಿಸುವುದುಂಟು. ವಾಸ್ತವವಾಗಿ ಅವರ ತಪ್ಪು ಮುಟ್ಟಿ ನೋಡಿದುದರಲ್ಲಿ ಇರಲಿಲ್ಲ. ಪ್ರತಿಯೊಬ್ಬನೂ ಒಂದೇ ಕಡೆಗೆ ನಿಂತುಬಿಟ್ಟ. ಆನೆಯನ್ನು ಸುತ್ತಿ ಬರಲಿಲ್ಲ. ಜೊತೆಯವನ ಮಾತಿಗೆ ತನ್ನ ಮಾತನ್ನು ಜೋಡಿಸಲಿಲ್ಲ.

ಸ್ಪರ್ಶಕಲೆಯ ಮೂಲಸೂತ್ರ ಇಲ್ಲಿದೆ. ಕಣ್ಣು ಇಡೀ ವಸ್ತುವನ್ನು ಒಮ್ಮೆಗೇ ಗ್ರಹಿಸಿ ಅನಂತರ ಬಿಡಿಭಾಗಗಳತ್ತ ಹೋಗುತ್ತದೆ. ಕೈಯು ಬಿಡಿಭಾಗಗಳಿಂದ ತೊಡಗಿ ಕ್ರಮೇಣ ಇಡಿಯನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೆ ಸಮಯ ಬೇಕು, ಸುತ್ತಿ ಬರಲು ದಾರಿ ಬೇಕು, ಹಂಚಿಕೊಳ್ಳಲು ಜೊತೆ ಬೇಕು. ಚಿತ್ರವೊಂದರ ರೇಖೆಗಳಿಗೆ ದಾರ ಅಂಟಿಸಿ ‘ಇದು ಅಂಧರಿಗಾಗಿ’ ಎಂದು ಇಟ್ಟರೆ ಸಾಲದು. ದೂರದ ಬೆಟ್ಟವನ್ನು ಚಿಕ್ಕದಾಗಿ, ಹತ್ತಿರದ ಮನೆಯನ್ನು ದೊಡ್ಡದಾಗಿ ಬರೆಯುವ ಪದ್ಧತಿ ಕಣ್ಣಿನ ಅನುಭವದಿಂದ ಹುಟ್ಟಿದ್ದು. ಬೆರಳಿಗೆ ಅದು ಅರ್ಥವಾಗಬೇಕೆಂದಿಲ್ಲ. ಕೃತಿಯನ್ನು ಮೊದಲಿನಿಂದಲೇ ಕೈಗಾಗಿ, ಕಿವಿಗಾಗಿ, ಮೂಗಿಗಾಗಿ ಕಲ್ಪಿಸಬೇಕು.

ಯೋಜನೆಯ ಸಿದ್ಧತೆ

ಆರನೆಯ ತರಗತಿಯಿಂದ ಮೇಲ್ಪಟ್ಟ ಸುಮಾರು ಇಪ್ಪತ್ತನಾಲ್ಕು ಮಕ್ಕಳು ನಾಲ್ವರ ಆರು ತಂಡಗಳಾಗಿ, ವಾರಕ್ಕೆ ಎರಡು ಅವಧಿಗಳಂತೆ ಆರು ವಾರಗಳಲ್ಲಿ ಈ ಕೆಲಸವನ್ನು ಪೂರೈಸಬಹುದು. ಮೊದಲಿಗೆ ವಿಷಯದ ಆಯ್ಕೆ. ಬಣ್ಣವೇ ಪ್ರಧಾನವಾದ ಕಾಮನಬಿಲ್ಲಿನಂತಹ ವಿಷಯ ಇಲ್ಲಿಗೆ ಒಗ್ಗದು. ಸಂತೆ, ರೈಲು ಪ್ರಯಾಣ, ಅಡಿಗೆಮನೆ, ಮಳೆ ಇವು ಹಲವು ಇಂದ್ರಿಯಗಳನ್ನು ತಟ್ಟುವ ವಿಷಯಗಳು. ಉದಾಹರಣೆಗಾಗಿ ಇಲ್ಲಿ ‘ಮಳೆಯ ದಿನ’ ಎಂಬ ವಿಷಯವನ್ನು ತೆಗೆದುಕೊಳ್ಳಲಾಗಿದೆ. ಮುಂಬಯಿ, ಪುಣೆಗಳ ಮಕ್ಕಳು ಜೂನ್ ತಿಂಗಳ ಮಳೆಯನ್ನು ಬಲ್ಲರು. ಚೆನ್ನೈನ ಮಕ್ಕಳು ಅಕ್ಟೋಬರಿನ ಅನಂತರದ ಹಿಂಗಾರು ಮಳೆಯನ್ನು ಬಲ್ಲರು.

ಮೊದಲ ವಾರ ಮಕ್ಕಳು ಚಿತ್ರ ಬರೆಯದೆ ಪದಗಳನ್ನು ಸಂಗ್ರಹಿಸಬೇಕು. ಜಿಟಿಜಿಟಿ, ಧೋ ಧೋ, ತೊಟತೊಟ, ಪಟಪಟ ಮುಂತಾದ ಅನುಕರಣ ಶಬ್ದಗಳಲ್ಲಿ ಕನ್ನಡವು ಸಂಪನ್ನವಾಗಿದೆ. ಮನೆಯ ಹಿರಿಯರನ್ನು ಕೇಳಿದರೆ ಊರಿನ ಮಳೆಯ ನೆನಪುಗಳೂ, ಗೊರಬು, ಕಂಬಳಿಕೊಪ್ಪೆಗಳಂತಹ ಪದಗಳೂ ದೊರೆಯುತ್ತವೆ. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ ಅಜ್ಜಿಯೊಡನೆ ಮಾತಿಗೆ ಕೂರಲು ಇದೊಂದು ಒಳ್ಳೆಯ ನೆಪವೂ ಆಗುತ್ತದೆ. ಅಂಧ ವಿದ್ಯಾರ್ಥಿಯಿದ್ದಲ್ಲಿ ಆತ ಈ ಹಂತದಿಂದಲೇ ತಂಡದ ಸದಸ್ಯನಾಗಿರಬೇಕು. ಸಿದ್ಧವಾದ ಕೃತಿಯನ್ನು ಕೊನೆಗೆ ಆತನ ಕೈಗಿಡುವುದು ಈ ಯೋಜನೆಯ ಉದ್ದೇಶವಲ್ಲ.

ಮಳೆಯ ದಿನ: ಆರು ತಾಣಗಳು

ಕೃತಿಯನ್ನು ಒಂದು ಕೋಣೆಯಲ್ಲಿ ಅಥವಾ ಪಡಸಾಲೆಯಲ್ಲಿ ಆರು ತಾಣಗಳಾಗಿ ಜೋಡಿಸಲಾಗುವುದು. ಸೊಂಟದೆತ್ತರದಲ್ಲಿ ಬಿಗಿಯಾಗಿ ಕಟ್ಟಿದ ದಪ್ಪ ಹಗ್ಗವೊಂದು ಒಂದು ತಾಣದಿಂದ ಇನ್ನೊಂದಕ್ಕೆ ದಾರಿ ತೋರುತ್ತದೆ. ತಾಣ ಬಂದಲ್ಲೆಲ್ಲ ಹಗ್ಗಕ್ಕೆ ಗಂಟು ಹಾಕಿರಬೇಕು. ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ.

1. ಬಿಸಿಲು: ಗೋಣಿತಾಟು, ತೆಂಗಿನ ನಾರು, ಬಡಗಿಗಳು ಬಳಸುವ ಉಪ್ಪುಕಾಗದ, ಒಣಗಿ ಬಿರಿದ ಜೇಡಿಮಣ್ಣಿನ ಹಲಗೆ. ಬಟ್ಟೆ ಸುತ್ತಿದ ಉಗುರುಬೆಚ್ಚಗಿನ ನೀರಿನ ಸೀಸೆ ಬೇಸಗೆಯ ಕಾವನ್ನು ತಿಳಿಸುತ್ತದೆ.

2. ಗಾಳಿ: ದಾರಕ್ಕೆ ಪೋಣಿಸಿದ ಒಣ ಎಲೆಗಳು ಮತ್ತು ನೀರು ಚಿಮುಕಿಸಿದ ಲಾವಂಚದ ಬೀಸಣಿಗೆ. ಬಂದವರು ತಾವೇ ಬೀಸಿಕೊಂಡಾಗ ತಂಗಾಳಿಯೂ ಪರಿಮಳವೂ ಒಟ್ಟಿಗೆ ಬರುತ್ತವೆ.

3. ಮೊದಲ ಹನಿ: ಅಗಲವಾದ ತಟ್ಟೆಯಲ್ಲಿ ಒಣಗಿದ ಹೊಲದ ಮಣ್ಣಿನ ಹೆಂಟೆಗಳು, ಪಕ್ಕದಲ್ಲಿ ನೀರಿನ ಪಿಚಕಾರಿ. ನಾಲ್ಕು ಹನಿ ಬಿಟ್ಟು ಮೂಗಿನ ಬಳಿ ತಂದರೆ ಮೊದಲ ಮಳೆಯ ಮಣ್ಣಿನ ವಾಸನೆ ಏಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತು ಈ ವಾಸನೆಯ ಮುಖ್ಯ ಅಂಶಗಳಲ್ಲಿ ಒಂದು. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದಕ್ಕೆ ‘ಪೆಟ್ರಿಕೋರ್’ ಎಂಬ ಹೆಸರನ್ನಿತ್ತರು. ಉತ್ತರ ಪ್ರದೇಶದ ಕನೌಜಿನ ಕುಶಲಕರ್ಮಿಗಳು ಮಣ್ಣಿನಿಂದ ಬಟ್ಟಿ ಇಳಿಸಿ ತೆಗೆಯುವ ಅತ್ತರಿನಲ್ಲಿ ಈ ಪರಿಮಳವನ್ನು ಬಹು ಹಿಂದಿನಿಂದಲೂ ಹಿಡಿದಿಟ್ಟಿದ್ದಾರೆ.

4. ಸುರಿಮಳೆ: ಬಟ್ಟೆಯಂಗಡಿಯಲ್ಲಿ ಸಿಗುವ ರಟ್ಟಿನ ಉದ್ದನೆಯ ಕೊಳವೆಗೆ ಸುರುಳಿಯಾಕಾರದಲ್ಲಿ ಸಣ್ಣ ಮೊಳೆಗಳನ್ನು ಹೊಡೆದು, ಹೊರಗೆ ಕಾಣುವ ತಲೆಗಳ ಮೇಲೆ ದಪ್ಪ ಬಟ್ಟೆ ಸುತ್ತಬೇಕು. ಒಳಗೆ ಒಂದೆರಡು ಹಿಡಿ ರಾಗಿ ಮತ್ತು ಅಕ್ಕಿ ತುಂಬಿ ಬಾಯಿಗಳನ್ನು ಭದ್ರವಾಗಿ ಮುಚ್ಚಬೇಕು. ನಿಧಾನವಾಗಿ ಓರೆ ಮಾಡಿದರೆ ತುಂತುರು, ನೆಟ್ಟಗೆ ನಿಲ್ಲಿಸಿದರೆ ಜಡಿಮಳೆ. ಜೊತೆಗೆ ತಗಡು, ಮಂಗಳೂರು ಹೆಂಚು, ಬಿಡಿಸಿದ ಕೊಡೆ, ಬಾಳೆಯೆಲೆಗಳನ್ನು ಬೇರೆ ಬೇರೆ ದಿಕ್ಕುಗಳಲ್ಲಿ ಇಟ್ಟು ಬೆರಳಿನಿಂದ ಬಡಿಯಲು ಅವಕಾಶವಿರಬೇಕು. ನಾಲ್ವರು ಒಟ್ಟಿಗೆ ನುಡಿಸಿದಾಗ ನಡುವೆ ನಿಂತವರ ಸುತ್ತ ಮಳೆ ಸುರಿಯತೊಡಗುತ್ತದೆ.

5. ಹರಿಯುವ ನೀರು: ಅಗಲವಾದ ತಣ್ಣೀರಿನ ಬೋಗುಣಿ, ತಳದಲ್ಲಿ ನುಣುಪಾದ ಬೆಣಚುಕಲ್ಲುಗಳು, ಮೇಲೆ ತೇಲುವ ತೆಂಗಿನ ಕರಟದ ದೋಣಿಗಳು. ದೋಣಿಯನ್ನು ಹುಡುಕಿ ಎದುರಿನವರ ಕೈಗೆ ತಳ್ಳುವುದು ಇಲ್ಲಿಯ ಆಟ.

6. ಮನೆ: ಒಣಗಿದ ಮೆತ್ತನೆಯ ಟವೆಲು, ಹಿರಿಯರ ಹಳೆಯ ಸೀರೆಯ ಕೌದಿ, ಜಜ್ಜಿದ ಶುಂಠಿಯ ವಾಸನೆ. ಕೊನೆಯಲ್ಲಿ ‘ನೆನಪಿನ ಹಗ್ಗ’. ಗುಂಡಿ, ಚಿಪ್ಪು, ಬೀಜ, ಬಟ್ಟೆಯ ಚೂರುಗಳಿಂದ ಒಂದನ್ನು ಆಯ್ದು ಪ್ರತಿಯೊಬ್ಬರೂ ಹಗ್ಗಕ್ಕೆ ಕಟ್ಟಿ, ತಮ್ಮ ಮಳೆಯ ನೆನಪನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಶಿಕ್ಷಕರ ಮೊಬೈಲ್ ಫೋನಿನಲ್ಲಿ ಅದನ್ನು ಧ್ವನಿಮುದ್ರಿಸಿ ಮುಂದೆ ಬರುವವರಿಗೆ ಕೇಳಿಸಬಹುದು.

ಆರನೆಯ ತಾಣವೇ ಈ ಕೃತಿಯ ಜೀವ. ಬಂದವರು ಇಲ್ಲಿ ಕೇವಲ ಪ್ರೇಕ್ಷಕರಲ್ಲ. ಆ ಪದದ ಅರ್ಥವೇ ನೋಡುವವರು ಎಂದಾಗುತ್ತದೆ. ಭಾರತೀಯ ಕಾವ್ಯಮೀಮಾಂಸೆಯ ‘ಸಹೃದಯ’ ಎಂಬ ಪದ ಇವರಿಗೆ ಹೆಚ್ಚು ಒಪ್ಪುತ್ತದೆ. ಅವರ ಕೈ ತಗಲದೆ ಕೃತಿ ಪೂರ್ಣವಾಗದು. ಮೊದಲ ದಿನದ ಹಗ್ಗವೂ ಕೊನೆಯ ದಿನದ ಹಗ್ಗವೂ ಒಂದೇ ಆಗಿರದು.

ಬರಹ ಮತ್ತು ಬ್ರೈಲ್

ಪ್ರತಿ ತಾಣದಲ್ಲಿ ಎರಡು ಬಗೆಯ ಫಲಕಗಳಿರಬೇಕು: ಮಂದದೃಷ್ಟಿಯವರಿಗಾಗಿ ಹಳದಿ ಹಿನ್ನೆಲೆಯಲ್ಲಿ ದಪ್ಪ ಕಪ್ಪಕ್ಷರಗಳು, ಅಂಧರಿಗಾಗಿ ಬ್ರೈಲ್. ಫ್ರಾನ್ಸ್ ದೇಶದ ಲೂಯಿ ಬ್ರೈಲ್ (1809–1852) ಹದಿಹರೆಯದಲ್ಲಿಯೇ ರೂಪಿಸಿದ ಆರು ಚುಕ್ಕೆಗಳ ಈ ಲಿಪಿಯಲ್ಲಿ 63 ಸಂಕೇತಗಳು ಸಾಧ್ಯ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ‘ಭಾರತಿ ಬ್ರೈಲ್’ 1951ರಲ್ಲಿ ಅಂಗೀಕೃತವಾಯಿತು. ಇದರಂತೆ ಕನ್ನಡದ ‘ಕ’ ಅಕ್ಷರಕ್ಕೂ ಮರಾಠಿ, ತೆಲುಗು, ಹಿಂದಿಗಳ ‘ಕ’ ಅಕ್ಷರಕ್ಕೂ ಇರುವ ಚುಕ್ಕೆಗಳು ಒಂದೇ. ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಲಿಪಿಗಳು ಬೆರಳ ತುದಿಯಲ್ಲಿ ಒಂದಾಗಿವೆ. ಹೈದರಾಬಾದಿನ ಅಂಧ ಬಾಲಕನೊಬ್ಬ ತನ್ನ ಕನ್ನಡಿಗ ಗೆಳತಿಯ ಫಲಕದ ಅಕ್ಷರಗಳನ್ನು ಓದಿ ಉಚ್ಚರಿಸಬಲ್ಲನು. ಅರ್ಥವನ್ನು ಆಕೆ ಹೇಳಿಕೊಟ್ಟರೆ ಸಾಕು.

ಹಲಗೆ ಮತ್ತು ಮೊಳೆಯಿಂದ ಬ್ರೈಲ್ ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು. ಕಾಗದವನ್ನು ಮಗುಚಿದಾಗ ಚುಕ್ಕೆಗಳು ಉಬ್ಬಿ ಎಡದಿಂದ ಬಲಕ್ಕೆ ಓದಲು ಬರುತ್ತವೆ. ಅಂಧ ವಿದ್ಯಾರ್ಥಿಯು ಇಲ್ಲಿ ತರಗತಿಗೆ ಗುರುವಾಗುತ್ತಾನೆ.

ಕಣ್ಣಿಗೆ ಬಟ್ಟೆ ಕಟ್ಟುವ ಪ್ರಶ್ನೆ

ಇಂತಹ ಪ್ರದರ್ಶನಗಳಲ್ಲಿ ಕಾಣುವವರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ರೂಢಿಯುಂಟು. ಇದರಲ್ಲಿ ಎಚ್ಚರ ಅಗತ್ಯ. ಹಠಾತ್ತನೆ ಕತ್ತಲೆಗೆ ಬಿದ್ದವನಿಗೆ ಆಗುವುದು ದಿಗಿಲಿನ ಅನುಭವ. ವರ್ಷಗಟ್ಟಲೆ ಅಭ್ಯಾಸದಿಂದ ಅಂಧರು ಪಡೆದಿರುವ ನೈಪುಣ್ಯದ ಅನುಭವ ಅದಲ್ಲ. ಪ್ರದರ್ಶನದಿಂದ ಹೊರಬಂದ ಮಗು ‘ಅಯ್ಯೋ ಪಾಪ’ ಎಂದರೆ ಯೋಜನೆ ಸೋತಂತೆ. ‘ಇದು ನನಗೆ ತಿಳಿದೇ ಇರಲಿಲ್ಲ’ ಎಂದರೆ ಗೆದ್ದಂತೆ. ವಸ್ತುಗಳನ್ನು ಪರದೆಯಿರುವ ಪೆಟ್ಟಿಗೆಯಲ್ಲಿರಿಸಿ ಕೈ ಹಾಕಲು ಎರಡು ತೂತುಗಳನ್ನು ಬಿಡುವುದು ಉತ್ತಮ ಉಪಾಯ. ಕಣ್ಣು ತೆರೆದೇ ಇರುತ್ತದೆ, ಭಯವಿರದು, ಗಮನ ಮಾತ್ರ ಬೆರಳಿಗೆ ಇಳಿಯುತ್ತದೆ.

ಸುರಕ್ಷತೆ

ಚೂಪಾದ ಅಂಚು, ಗಾಜಿನ ಚೂರು, ಸಿಬಿರೇಳುವ ಬಿದಿರು ಇರಬಾರದು. ಧೂಪ, ಊದುಬತ್ತಿಗಳ ಹೊಗೆಯು ಉಬ್ಬಸವಿರುವ ಮಕ್ಕಳಿಗೆ ತೊಂದರೆ ಕೊಡುವುದರಿಂದ ಅವನ್ನು ಬಿಡಬೇಕು. ಕರ್ಪೂರ ಮತ್ತು ನುಸಿಗುಳಿಗೆಗಳು ವಿಷಕಾರಿಯಾದುದರಿಂದ ಮಕ್ಕಳ ಕೈಗೆ ಸಿಗಬಾರದು. ಮೆಣಸಿನಪುಡಿ ಸರ್ವಥಾ ಬೇಡ. ಬಿಸಿಯನ್ನು ಗುರುತಿಸುವ ಗ್ರಾಹಕಗಳನ್ನೇ ಖಾರವೂ ಕೆರಳಿಸುವುದರಿಂದ ಕೈ ಕಣ್ಣಿಗೆ ತಗಲಿದರೆ ಸುಟ್ಟಂತಾಗುತ್ತದೆ. ಕಡಲೆಕಾಯಿ ಮೊದಲಾದವು ಒಗ್ಗದ ಮಕ್ಕಳಿರಬಹುದಾದ ಕಾರಣ ರುಚಿ ನೋಡುವ ತಾಣವನ್ನು ಕೈಬಿಡುವುದೇ ಲೇಸು. ಬೋಗುಣಿಯ ಸುತ್ತ ನೆಲ ಒದ್ದೆಯಾಗದಂತೆ ಗೋಣಿ ಹಾಸಬೇಕು. ನೀರನ್ನು ಪ್ರತಿದಿನ ಬದಲಿಸಬೇಕು. ಗಾಲಿಕುರ್ಚಿಯಲ್ಲಿ ಬರುವವರ ಮೊಣಕಾಲು ಮೇಜಿನ ಕೆಳಗೆ ಹೋಗುವಂತಿರಬೇಕು, ದಾರಿಯ ಅಗಲ ಒಂದು ಮೀಟರಿಗಿಂತ ಕಡಿಮೆಯಿರಬಾರದು.

ಪರೀಕ್ಷೆ ಮತ್ತು ಮೌಲ್ಯಮಾಪನ

ಪ್ರದರ್ಶನಕ್ಕೆ ಒಂದು ವಾರ ಮೊದಲು ಅಂಧ ವ್ಯಕ್ತಿಯೊಬ್ಬರನ್ನು ಆಹ್ವಾನಿಸಿ ಕೃತಿಯನ್ನು ಪರೀಕ್ಷಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಅವರು ಎಲ್ಲಿ ತಡೆದರು, ಎಲ್ಲಿ ಎರಡು ವಸ್ತುಗಳು ಒಂದೇ ಎನಿಸಿದವು, ಎಲ್ಲಿ ಮತ್ತೊಮ್ಮೆ ಕೈಯಾಡಿಸಿದರು ಎಂಬುದನ್ನು ಮಕ್ಕಳು ಮೌನವಾಗಿ ಗಮನಿಸಿ ಬರೆದುಕೊಳ್ಳಬೇಕು. ನಡುವೆ ವಿವರಿಸಲು ಹೋಗಬಾರದು. ಅನಂತರ ಅವರ ಅಭಿಪ್ರಾಯ ಕೇಳಿ ತಿದ್ದಬೇಕು. ಅಂಕ ಕೊಡುವಾಗ ಅಂದಕ್ಕಿಂತ ಈ ತಿದ್ದುಪಡಿಗಳಿಗೆ ಹೆಚ್ಚಿನ ಮಹತ್ವ ಸಲ್ಲಬೇಕು.

ಇದು ಕೇವಲ ಸೌಜನ್ಯದ ಮಾತಲ್ಲ, ಹಕ್ಕಿನ ಮಾತೂ ಹೌದು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಶಿಕ್ಷಣದ ಜೊತೆಗೆ ಕ್ರೀಡೆ ಮತ್ತು ಮನೋಲ್ಲಾಸದ ಅವಕಾಶಗಳನ್ನು ಸಮನಾಗಿ ಒದಗಿಸಬೇಕೆಂದು ವಿಧಿಸುತ್ತದೆ. ಕಲೆಯು ಅಂಗವಿಕಲರಿಗೆ ಎಟುಕುವಂತೆ ಮಾಡುವುದನ್ನೂ ಅದು ಸರ್ಕಾರಗಳ ಹೊಣೆಯೆಂದು ಹೇಳಿದೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿ ತೆರೆದ ‘ಅನುಭವ್’ ಎಂಬ ವಿಭಾಗದಲ್ಲಿ ಪ್ರಾಚೀನ ಕೃತಿಗಳ ಪ್ರತಿರೂಪಗಳನ್ನು ಮುಟ್ಟಿ ನೋಡುವ ಅವಕಾಶ ಕಲ್ಪಿಸಲಾಯಿತು. ದೊಡ್ಡ ಸಂಸ್ಥೆಗಳು ಕೈಗೊಂಡ ಈ ಕಾರ್ಯವನ್ನು ಒಂದು ಶಾಲೆಯು ಗೋಣಿ, ಹಗ್ಗ, ಹೆಂಚು, ಮಣ್ಣುಗಳಿಂದಲೇ ತನ್ನ ಮಟ್ಟದಲ್ಲಿ ಸಾಧಿಸಬಹುದಾಗಿದೆ.

ಪ್ರದರ್ಶನದ ದಿನ ಬಾಗಿಲಲ್ಲಿ ‘ದಯವಿಟ್ಟು ಮುಟ್ಟಿ’ ಎಂಬ ಫಲಕವಿರಲಿ. ಅದನ್ನು ಬ್ರೈಲಿನಲ್ಲಿ ಬರೆಯುವ ಕೆಲಸ, ಹಿಂದೆ ಚಿತ್ರಕಲೆಯ ಅವಧಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದ ವಿದ್ಯಾರ್ಥಿನಿಯದಾಗಲಿ.